ಫೋಟೋ ಇಲ್ಲದ ವರ್ಷಗಳು: ಟಿವಿ ಇತಿಹಾಸ ಬಿಟ್ಟದ್ದನ್ನು ಹುಡುಕುವ ಬಗೆ

ಕೊಡಗಿನ ಹೈಸ್ಕೂಲೊಂದರಲ್ಲಿ ನಾನು 31 ವರ್ಷ ಸಮಾಜ ಪಾಠ ಮಾಡಿದವಳು. ಒಮ್ಮೆ ಒಂಬತ್ತನೇ ಕ್ಲಾಸಿನ ಪರೀಕ್ಷೆಯಲ್ಲಿ 'ಕಂಪನಿ ಸರ್ಕಾರದ ವಿರುದ್ಧ ಜನ ದಂಗೆ ಎದ್ದದ್ದು ಯಾವಾಗ?' ಅಂತ ಕೇಳಿದ್ದೆ. ಸಂಪಾಜೆ ಕಡೆಯ ಹುಡುಗನೊಬ್ಬ '1837, ಕಲ್ಯಾಣಪ್ಪನ ಕಾಟಕಾಯಿ' ಅಂತ ಬರೆದಿದ್ದ. ನಾನು ಕೆಂಪು ಇಂಕಿನಲ್ಲಿ ಅದನ್ನು ಹೊಡೆದು ಪಕ್ಕದಲ್ಲಿ 1857 ಅಂತ ಬರೆದೆ. ಪೇಪರ್ ಕೈಗೆ ಸಿಕ್ಕಾಗ ಅವನು ಎದ್ದು ನಿಂತ. "ಮಿಸ್, ನಮ್ಮಜ್ಜ ಹೇಳಿದ್ದು" ಅಂದ. "ಪುಸ್ತಕದಲ್ಲಿ ಎಲ್ಲಿದೆ ತೋರಿಸು" ಅಂದೆ. ಅವನು ಸುಮ್ಮನೆ ಕೂತ.

ಅವನು ಬರೆದದ್ದು ಸರಿಯಾಗಿತ್ತು. 1837ರಲ್ಲಿ ಸುಳ್ಯ ಸೀಮೆಯ ರೈತರು ಕಂಪನಿಯ ವಿರುದ್ಧ ಎದ್ದಿದ್ದರು, ಅದನ್ನೇ ನಮ್ಮ ಕಡೆಯ ಹಿರಿಯರು ಕಲ್ಯಾಣಪ್ಪನ ಕಾಟಕಾಯಿ ಅನ್ನುತ್ತಿದ್ದರು. ಅದು ಗೊತ್ತಾಗುವಷ್ಟರಲ್ಲಿ ಅವನು ಶಾಲೆ ಬಿಟ್ಟು ಎಷ್ಟೋ ವರ್ಷ ಆಗಿತ್ತು. ಅಲ್ಲಿಂದ ಈಚೆಗೆ ಟಿವಿಯಲ್ಲಿ ದೇಶದ ಇತಿಹಾಸದ ಕಾರ್ಯಕ್ರಮ ಬಂದರೆ ನಾನು ಪಕ್ಕದಲ್ಲಿ ನೋಟ್‌ಬುಕ್ ಇಟ್ಟುಕೊಂಡೇ ಕೂರುತ್ತೇನೆ. ಹೇಗೆ ನೋಡುತ್ತೇನೆ, ಬಿಟ್ಟುಹೋದದ್ದನ್ನು ಹೇಗೆ ಹುಡುಕುತ್ತೇನೆ ಅಂತ ಇಲ್ಲಿ ಬರೆಯುತ್ತಿದ್ದೇನೆ. ಮಳೆಗಾಲದ ಸಂಜೆ, ಕರೆಂಟ್ ಇದ್ದರೆ, ನೀವೂ ಮಾಡಿ ನೋಡಿ.

ಮೊದಲು ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ ಮೇಲಿಂದ ಕೆಳಗೆ ಮೂರು ಸಾಲು ಮಾಡಿ. ಒಂದರಲ್ಲಿ ಎಷ್ಟನೇ ನಿಮಿಷ, ಇನ್ನೊಂದರಲ್ಲಿ ಯಾವ ಇಸವಿ, ಮತ್ತೊಂದರಲ್ಲಿ ತೆರೆಯ ಮೇಲೆ ಏನು ಕಾಣುತ್ತಿದೆ. ಫೋಟೋನಾ, ಪೇಂಟಿಂಗಾ, ಇವತ್ತಿನ ಡ್ರೋನ್ ಚಿತ್ರವಾ, ಕುದುರೆ ಓಡಿಸಿ ಮಾಡಿದ ನಾಟಕದ ದೃಶ್ಯವಾ? ಯಾರು ಮಾತಾಡಿದರು ಅಂತಲೂ ಬರೆದುಕೊಳ್ಳಿ. ಮೂರನೇ ಸಾಲು ತುಂಬಿಸುವುದು ಬೇಜಾರಿನ ಕೆಲಸ, ಆದರೆ ಅದನ್ನು ಬಿಡಬೇಡಿ. ಎಲ್ಲದರ ಗುಟ್ಟು ಅಲ್ಲೇ ಇದೆ.

ಕಾರ್ಯಕ್ರಮ ಮುಗಿದ ಮೇಲೆ ಇಸವಿಗಳ ಸಾಲನ್ನು ಒಮ್ಮೆ ಮೇಲಿಂದ ಕೆಳಗೆ ಓದಿ. ಎಲ್ಲಿ ದೊಡ್ಡ ಜಿಗಿತ ಇದೆಯೋ ಅಲ್ಲಿ ಪೆನ್ಸಿಲ್‌ನಲ್ಲಿ ಒಂದು ಸೊನ್ನೆ ಸುತ್ತಿ. ಸ್ವಾತಂತ್ರ್ಯ ಹೋರಾಟದ ಬಗ್ಗೆ ನಾನು ನೋಡಿದ ಒಂದು ಕಾರ್ಯಕ್ರಮ 1799ರ ಶ್ರೀರಂಗಪಟ್ಟಣದಿಂದ ನೇರ 1857ರ ಮೀರತ್‌ಗೆ ಹಾರಿತು. ನಡುವಿನ 58 ವರ್ಷಕ್ಕೆ ಸಿಕ್ಕಿದ್ದು ಒಂದೇ ವಾಕ್ಯ. ಆ 58 ವರ್ಷದಲ್ಲಿ 1806ರ ವೆಲ್ಲೂರಿನ ಸಿಪಾಯಿ ದಂಗೆ ಇದೆ, 1817ರಲ್ಲಿ ಕಂಪನಿಯ ವಿರುದ್ಧ ಎದ್ದ ಒಡಿಶಾದ ಪೈಕರು ಇದ್ದಾರೆ, 1824ರ ಕಿತ್ತೂರು ಇದೆ, 1830ರಲ್ಲಿ ದಂಗೆ ಎದ್ದ ಶಿವಮೊಗ್ಗ ಕಡೆಯ ನಗರ ಸೀಮೆಯ ರೈತರು ಇದ್ದಾರೆ. ನಮ್ಮ 1837 ಇದೆ.

ಈಗ ಮೂರನೇ ಸಾಲು ನೋಡಿ. ಚಿತ್ರ ತೆಗೆಯುವ ವಿದ್ಯೆಯನ್ನು ಫ್ರಾನ್ಸಿನಲ್ಲಿ ಲೋಕಕ್ಕೆ ತಿಳಿಸಿದ್ದು 1839ರಲ್ಲಿ. 1857ರ ಹೋರಾಟ ಮುಗಿದ ಬೆನ್ನಿಗೆ, 1858ರಲ್ಲಿ, ಫೆಲಿಚೆ ಬಿಯಾಟೊ ಅನ್ನುವವನು ಲಖನೌಗೆ ಕ್ಯಾಮೆರಾ ತಂದ. ಒಡೆದ ಗೋಡೆ, ಸಿಕಂದರ್ ಬಾಗ್‌ನ ಅಂಗಳ, ಎಲ್ಲದಕ್ಕೂ ಫೋಟೋ ಇದೆ. 1837ರ ಸುಳ್ಯಕ್ಕೆ, ಬೆಳ್ಳಾರೆಗೆ, ಮಡಿಕೇರಿಗೆ ಒಂದು ಫೋಟೋನೂ ಇರುವುದಕ್ಕೆ ಸಾಧ್ಯವಿಲ್ಲ. ಟಿವಿಗೆ ತೋರಿಸುವುದಕ್ಕೆ ಏನಾದರೂ ಬೇಕೇ ಬೇಕು, ಅಲ್ವಾ? ತೋರಿಸಲು ಏನೂ ಇಲ್ಲದಿದ್ದರೆ ಆ ವರ್ಷವೇ ಹೋಗಿಬಿಡುತ್ತದೆ. ಎಲ್ಲಾ ಸಲವೂ ಯಾರೋ ಬೇಕಂತಲೇ ಮುಚ್ಚಿಟ್ಟರು ಅಂತ ನಾನು ಹೇಳುವುದಿಲ್ಲ. ಬೇಕಂತಲೇ ಬಿಡುವುದೂ ಉಂಟು. ಆದರೆ ಹುಡುಕಲು ಹೊರಟವರು ಮೊದಲು ಚಿತ್ರದ ಲೆಕ್ಕ ಹಾಕಬೇಕು.

ಇದಕ್ಕೆ ನಮ್ಮಲ್ಲೇ ಜೋಡಿ ಉದಾಹರಣೆ ಇದೆ. 1834ರಲ್ಲಿ ಕಂಪನಿ ನಮ್ಮ ಕೊನೆಯ ರಾಜ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕಾಶಿಗೆ ಕಳಿಸಿತು. ಅವನು 1852ರಲ್ಲಿ ಮಗಳು ಗೌರಮ್ಮನನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದ. ವಿಕ್ಟೋರಿಯಾ ರಾಣಿ ಆ ಹುಡುಗಿಯ ಗಾಡ್‌ಮದರ್ ಆದಳು. ವಿಂಟರ್‌ಹಾಲ್ಟರ್ ಅನ್ನುವ ಅರಮನೆಯ ಚಿತ್ರಕಾರ ಅವಳ ಚಿತ್ರ ಬರೆದ. ಒಳ್ಳೆಯ ಉಡುಗೆ, ಒಡವೆ. ಹೀಗಾಗಿ ಟಿವಿಯವರಿಗೆ ಕೊಡಗಿನ ರಾಜಕುಮಾರಿ ಗೊತ್ತು. ಅವಳಪ್ಪನ ರಾಜ್ಯ ಹೋದ ಮೂರೇ ವರ್ಷಕ್ಕೆ ಎದ್ದು ನಿಂತ ರೈತರು ಗೊತ್ತಿಲ್ಲ. ಅವರ ಚಿತ್ರ ಯಾರೂ ಬರೆಯಲಿಲ್ಲ.

ಇಷ್ಟಾದ ಮೇಲೆ ನಿಮ್ಮ ಊರನ್ನು ಹಿಡಿದುಕೊಳ್ಳಿ. ಇಡೀ ದೇಶದಲ್ಲಿ ಏನು ಬಿಟ್ಟಿದ್ದಾರೆ ಅಂತ ಹುಡುಕಲು ಹೋದರೆ ದಿಕ್ಕು ತಪ್ಪುತ್ತದೆ. ನಿಮ್ಮ ಊರಿನ ಒಂದು ಇಸವಿ ತಗೊಳ್ಳಿ, ಅದನ್ನು ಟಿವಿಯ ಸಾಲಿನ ಪಕ್ಕ ಇಡಿ. ನಾನು ಇಟ್ಟದ್ದು ಆ ಹುಡುಗನ 1837.

ಆ ಕಾಲಕ್ಕೆ ಅಮರ ಸುಳ್ಯ, ಪುತ್ತೂರು ಸೀಮೆ ಕೊಡಗಿನ ರಾಜರದ್ದಾಗಿತ್ತು. ರಾಜನನ್ನು ಇಳಿಸಿದ ಮೇಲೆ ಕಂಪನಿ ಆ ಭಾಗವನ್ನು ಕಿತ್ತು ಕೆನರಾ ಜಿಲ್ಲೆಗೆ ಸೇರಿಸಿತು. ಅಷ್ಟರವರೆಗೆ ಬೆಳೆದದ್ದರಲ್ಲೇ ಕಂದಾಯ ಅಳೆದು ಕೊಡುತ್ತಿದ್ದ ರೈತ ಇನ್ನು ಮುಂದೆ ನಗದು ಕಟ್ಟಬೇಕು. ನಗದು ಎಲ್ಲಿಂದ ತರುವುದು? ಸಾಹುಕಾರನ ಹತ್ತಿರ ಹೋಗಬೇಕು. ಅದರ ಮೇಲೆ ಉಪ್ಪು, ಹೊಗೆಸೊಪ್ಪು ಎರಡೂ ಕಂಪನಿಯ ಹಿಡಿತದಲ್ಲಿ. 1837ರಲ್ಲಿ ಜನ ಎದ್ದರು. ಕೆದಂಬಾಡಿ ರಾಮಯ್ಯ ಗೌಡರು, ಗುಡ್ಡೆಮನೆ ಅಪ್ಪಯ್ಯ ಗೌಡರು ಮುಂದೆ ನಿಂತರು. ಪುಟ್ಟಬಸಪ್ಪ ಅನ್ನುವವನನ್ನು ರಾಜವಂಶದ ಕಲ್ಯಾಣಸ್ವಾಮಿ ಅಂತ ಹೇಳಿ ಮುಂದಿಟ್ಟುಕೊಂಡರು. ಜನರ ಬಾಯಲ್ಲಿ ಅವನೇ ಕಲ್ಯಾಣಪ್ಪ. ಬೆಳ್ಳಾರೆಯ ಖಜಾನೆ ಹಿಡಿದು ಮಂಗಳೂರಿಗೆ ಇಳಿದರು. ಏಪ್ರಿಲ್ 5ಕ್ಕೆ ಮಂಗಳೂರು ಅವರ ಕೈಯಲ್ಲಿತ್ತು. ಬಾವುಟ ಹಾರಿಸಿದ ಗುಡ್ಡ ಇವತ್ತಿಗೂ ಬಾವುಟಗುಡ್ಡೆ. ಕಂಪನಿಯ ಪಡೆ ಬಂದು ಊರನ್ನು ಮತ್ತೆ ಹಿಡಿಯುವವರೆಗೆ ಸುಮಾರು ಎರಡು ವಾರ ಅವರದೇ ಆಡಳಿತ. ಆಮೇಲೆ ನೇಣು, ಗಡೀಪಾರು. 1837ರ ಅಕ್ಟೋಬರ್ 31ರಂದು ಅಪ್ಪಯ್ಯ ಗೌಡರನ್ನು ಮಡಿಕೇರಿ ಕೋಟೆಯಲ್ಲೇ ನೇಣಿಗೆ ಹಾಕಿದರು. ನಾನು ಮಕ್ಕಳನ್ನು ಟೂರ್ ಅಂತ ಅದೇ ಕೋಟೆಗೆ ಎಷ್ಟು ಸಲ ಕರೆದುಕೊಂಡು ಹೋಗಿದ್ದೇನೋ. ಗಾರೆಯ ಎರಡು ಆನೆಗಳ ಮುಂದೆ ಸಾಲಾಗಿ ನಿಲ್ಲಿಸಿ ಫೋಟೋ ತೆಗೆಸಿದ್ದೇನೆ. ಇದೊಂದನ್ನು ಹೇಳಿರಲಿಲ್ಲ.

ಇನ್ನೊಂದು ಕಡೆ ನಿಲ್ಲಬೇಕು: ಹೆಸರುಗಳ ಹತ್ತಿರ. 'ಕಾಟಕಾಯಿ' ಅಂದರೆ ಲೂಟಿ, ಸುಲಿಗೆ. ಗೆದ್ದವರ ಕಡೆಯ ಆ ಮಾತನ್ನೇ ನಮ್ಮ ಅಜ್ಜ ಅಜ್ಜಿಯರೂ ಬಾಯಿಪಾಠ ಮಾಡಿಕೊಂಡಿದ್ದರು. ಈಗ ಅದನ್ನು ಅಮರ ಸುಳ್ಯದ ರೈತ ಹೋರಾಟ ಅಂತ ಕರೆಯುತ್ತಾರೆ. ಟಿವಿ ನೋಡುವಾಗ ಈ ಮಾತುಗಳಿಗೆ ಕಿವಿ ಕೊಡಿ. ಒಂದು ಊರಿನದ್ದು 'ಸಂಗ್ರಾಮ', ಇನ್ನೊಂದು ಊರಿನದ್ದು 'ಗಲಭೆ' ಅಂತ ಬಂದರೆ ಎರಡನ್ನೂ ಬರೆದುಕೊಳ್ಳಿ. ಆ ಹೆಸರು ಮೊದಲು ಇಟ್ಟವರು ಯಾರು ಅಂತ ಕೇಳಿ.

ಹುಡುಕುವಾಗ ನಿಮಗೆ ಹಿಡಿಸದ್ದೂ ಸಿಗುತ್ತದೆ. ಅದನ್ನು ಬಿಟ್ಟರೆ ನೀವೂ ಟಿವಿಯವರು ಮಾಡಿದ್ದನ್ನೇ ಮಾಡಿದಂತೆ. 1837ರ ಹೋರಾಟವನ್ನು ಅಡಗಿಸಲು ಕಂಪನಿಗೆ ನೆರವಾದವರಲ್ಲಿ ಕೊಡಗಿನವರೇ ಇದ್ದರು. ಅವರಿಗೆ ಕಂಪನಿ ಚಿನ್ನದ, ಬೆಳ್ಳಿಯ ಪದಕ ಮಾಡಿಸಿ ಕೊಟ್ಟಿತು. ಆ ಪದಕದ ಮೇಲೆ ಆಯುಧ ಹಿಡಿದು ನಿಂತ ಒಬ್ಬ ವೀರನ ಚಿತ್ರ ಇದೆ, ಕನ್ನಡ ಅಕ್ಷರ ಇದೆ. ಕನ್ನಡದ ಆ ಸಾಲು ಬರೆಸಿದ್ದು ಕನ್ನಡ ಮಾತಾಡುವವರ ಹೋರಾಟವನ್ನು ಮುರಿದದ್ದಕ್ಕೆ. ಇದನ್ನು ಮೊದಲ ಸಲ ಓದಿದ ದಿನ ನನಗೆ ಊಟ ಸೇರಲಿಲ್ಲ. ಆದರೂ ಮಕ್ಕಳಿಗೆ ಎರಡನ್ನೂ ಹೇಳಬೇಕು. ಯಾವ ಮನೆಯವರು ಯಾವ ಕಡೆ ಇದ್ದರು ಅಂತ ಇವತ್ತಿನವರ ಮೇಲೆ ಹಾಕುವುದು ಮಾತ್ರ ಬೇಡ.

'ನಮ್ಮದೇ ಮೊದಲನೆಯದು' ಅನ್ನುವ ಜಗಳಕ್ಕೂ ಬೀಳಬೇಡಿ. ಮೇಲೆ ಹೇಳಿದ ಪಟ್ಟಿಯಲ್ಲಿ ನಮಗಿಂತ ಮುಂಚಿನವರು ಎಷ್ಟು ಜನ ಇದ್ದಾರೆ ನೋಡಿ. ಮೊದಲನೆಯದೋ ಐದನೆಯದೋ, ಪಟ್ಟಿಯಲ್ಲಿ ಇರಬೇಕು ಅಷ್ಟೇ.

ಬರೆದಿಟ್ಟದ್ದು ಎಲ್ಲಿ ಸಿಗುತ್ತದೆ? ಎಷ್ಟೋ ಸಲ ಎದುರಾಳಿಯ ಹತ್ತಿರ. ಮಡಿಕೇರಿ ಬಸ್‌ಸ್ಟ್ಯಾಂಡ್ ಹತ್ತಿರ ನಮ್ಮ ವಾಯುಪಡೆಯ ಪೈಲಟ್ ಅಜ್ಜಮಾಡ ದೇವಯ್ಯನವರ ಹೆಸರಿನ ವೃತ್ತ ಇದೆ. 1965ರ ಯುದ್ಧದಲ್ಲಿ, ಸೆಪ್ಟೆಂಬರ್ 7ರಂದು, ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೋದ ವಿಮಾನಗಳಲ್ಲಿ ಅವರದ್ದೂ ಒಂದು. ಹಳೆಯ ಮಿಸ್ಟೇರ್ ವಿಮಾನದಲ್ಲಿದ್ದುಕೊಂಡು, ತಮಗಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ಅನ್ನು ಎದುರಿಸಿ ಹೊಡೆದು ಬೀಳಿಸಿದರು. ತಾವು ವಾಪಸು ಬರಲಿಲ್ಲ. ನಮ್ಮ ಕಡೆ ಅದನ್ನು ನೋಡಿದವರು ಯಾರೂ ಇರಲಿಲ್ಲ. ಪಾಕಿಸ್ತಾನದ ವಾಯುಪಡೆಯ ಬಗ್ಗೆ ಬ್ರಿಟಿಷ್ ಲೇಖಕನೊಬ್ಬ ಬರೆದ ಪುಸ್ತಕದಿಂದ ವಿಷಯ ಹೊರಗೆ ಬಂತು. ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷ ಆದ ಮೇಲೆ. 1837ರ ವಿಷಯದಲ್ಲೂ ಹಾಗೆಯೇ. ಕಂಪನಿಯವರ ಕಾಗದಗಳಲ್ಲೇ ಜಾಸ್ತಿ ಸಿಗುತ್ತದೆ. ಬೈಯುತ್ತಲೇ ಬರೆದಿರುತ್ತಾರೆ, ಆದರೆ ಹೆಸರು, ತಾರೀಖು ಬರೆದಿರುತ್ತಾರೆ. ಬೈಗುಳ ತೆಗೆದು ಓದುವುದನ್ನು ಕಲಿಯಬೇಕು.

ಕಾಗದದಲ್ಲೂ ಇಲ್ಲದವರು ಇದ್ದಾರೆ. ಕೊಡಗಿನ ಬಗ್ಗೆ ಟಿವಿಯಲ್ಲಿ ಬಂದರೆ ಕಾಫಿ ಹೂ, ಮಂಜು, ಅಬ್ಬಿ ಜಲಪಾತ. ತೋಟದಲ್ಲಿ ಜೀತ ಮಾಡಿದ ಎರವರು, ಕಾಡಿನಿಂದ ಹೊರಗೆ ಬಂದ ಜೇನುಕುರುಬರು, ತೋಟದ ಕೂಲಿಯವರ ಲೈನ್ ಮನೆಯಲ್ಲಿ ಮೂರು ತಲೆಮಾರು ಕಳೆದವರು ಬರುವುದಿಲ್ಲ. ಅಂಥವರ ಹತ್ತಿರ, ಅಥವಾ ಯಾರೇ ಹಿರಿಯರ ಹತ್ತಿರ ಹೋದಾಗ "ಇತಿಹಾಸ ಹೇಳಿ" ಅನ್ನಬೇಡಿ. ಅವರು "ನಮಗೇನು ಗೊತ್ತು" ಅಂದುಬಿಡುತ್ತಾರೆ. ಒಂದು ವಸ್ತು ಹಿಡಿದು ಕೇಳಿ. ನಾನು ಆ ಹುಡುಗನ ಅಜ್ಜನ ತಂಗಿಯ ಹತ್ತಿರ ಕೇಳಿದ್ದು ಉಪ್ಪಿನ ಬಗ್ಗೆ. "ಉಪ್ಪು ಎಲ್ಲಿಂದ ತರುತ್ತಿದ್ದರು?" ಆಕೆ ಘಟ್ಟದ ಕೆಳಗಿನ ದಾರಿ ಹೇಳಿದರು, ಎತ್ತಿನ ಬೆನ್ನ ಮೇಲಿನ ಹೇರು ಹೇಳಿದರು, ಉಪ್ಪನ್ನು ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದುದು ಹೇಳಿದರು. ಅರ್ಧ ಗಂಟೆ ಆದ ಮೇಲೆ ತಾವಾಗಿಯೇ "ಅದಕ್ಕೇ ಅಲ್ವಾ ಕಲ್ಯಾಣಪ್ಪನ ಹಿಂದೆ ಹೋದದ್ದು" ಅಂದರು. ನಾನು ಕಲ್ಯಾಣಪ್ಪನ ಹೆಸರೇ ಎತ್ತಿರಲಿಲ್ಲ. ಹಿರಿಯರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ, ತಾರೀಖು ಹಾಕಿ. ಇಸವಿ, ಲೆಕ್ಕ ಇವುಗಳಿಗೆ ಮಾತ್ರ ಬೇರೆ ಕಡೆ ಆಧಾರ ಹುಡುಕಿ.

ಇನ್ನೂ ಎರಡು ಇಸವಿ ಕೊಡುತ್ತೇನೆ, ನೀವೇ ಪರೀಕ್ಷೆ ಮಾಡಿ. ಗಾಂಧೀಜಿಯ ಬಗ್ಗೆ ಕಾರ್ಯಕ್ರಮ ಬಂದರೆ 1934ರ ಫೆಬ್ರವರಿ ಹುಡುಕಿ. ಆಗ ಅವರು ಕೊಡಗಿಗೆ ಬಂದಿದ್ದರು. ಸುಂಟಿಕೊಪ್ಪದ ಹತ್ತಿರದ ಗುಂಡುಕುಟ್ಟಿ ತೋಟದಲ್ಲಿದ್ದ ಕತೆಗಾರ್ತಿ ಗೌರಮ್ಮ, ಗಾಂಧೀಜಿ ತಮ್ಮ ಮನೆಗೆ ಬರಲೇಬೇಕು ಅಂತ ಉಪವಾಸ ಕೂತರು, ಬಂದಾಗ ಒಡವೆ ಬಿಚ್ಚಿ ಹರಿಜನ ನಿಧಿಗೆ ಕೊಟ್ಟರು. ನವೆಂಬರ್ 1ರ ಕಾರ್ಯಕ್ರಮಗಳಲ್ಲಿ 1952 ಹುಡುಕಿ. ಆಗ ಕೊಡಗು ಪ್ರತ್ಯೇಕ ರಾಜ್ಯ. 24 ಜನರ ವಿಧಾನಸಭೆ, ಸಿ. ಎಂ. ಪೂಣಚ್ಚ ಮುಖ್ಯಮಂತ್ರಿ. ವಿಲೀನ ಬೇಡ ಅಂದ ತಕ್ಕಡಿ ಪಕ್ಷದ ಮುಂದಾಳು, 'ಕೊಡಗಿನ ಗಾಂಧಿ' ಅಂತಲೇ ಹೆಸರಾದ ಪಂದ್ಯಂಡ ಬೆಳ್ಯಪ್ಪನವರು. 1956ರಲ್ಲಿ ಆ ರಾಜ್ಯ ಮೈಸೂರಿಗೆ ಸೇರಿತು. ಏಕೀಕರಣದ ನಕ್ಷೆಯಲ್ಲಿ ನಮ್ಮ ಜಿಲ್ಲೆಗೆ ಬಣ್ಣ ತುಂಬಲು ಎರಡು ಸೆಕೆಂಡ್ ಆಗುತ್ತದೆ. ಅಷ್ಟರಲ್ಲಿ ಇದೆಲ್ಲ ಹೋಗಿರುತ್ತದೆ.

ಕೊನೆಯ ಕೆಲಸ, ಕಾರ್ಯಕ್ರಮ ಮಾಡಿದವರಿಗೆ ಬರೆಯುವುದು. ನಾನು ಮೊದಲ ಸಲ ಒಂದು ಚಾನೆಲ್ಲಿಗೆ ನಾಲ್ಕು ಪುಟ ಬರೆದೆ, ಕೋಪದಲ್ಲಿ. ಉತ್ತರ ಬರಲಿಲ್ಲ. ಎರಡನೇ ಸಲ ಅರ್ಧ ಪುಟ ಬರೆದೆ. ಇಷ್ಟನೇ ನಿಮಿಷದಲ್ಲಿ ಈ ಇಸವಿಯಿಂದ ಈ ಇಸವಿಗೆ ಹೋಗಿದ್ದೀರಿ, ನಡುವೆ ಇದು ನಡೆದಿದೆ, ಇಂಥ ಕಡೆ ಆಧಾರ ಇದೆ, ಅಷ್ಟೇ. ಹದಿನೈದು ದಿನಕ್ಕೆ ಒಂದೇ ಸಾಲಿನ ಉತ್ತರ ಬಂತು: "ನಿಮ್ಮ ಬಳಿ ಚಿತ್ರಗಳು ಇವೆಯೇ?"

ಆ ಸಾಲು ನೋಡಿ ಬೇಜಾರಾಗಲಿಲ್ಲ, ಕೆಲಸ ಸಿಕ್ಕಿತು. 1837ರ ಫೋಟೋ ಇಲ್ಲ, ಸರಿ. ಆದರೆ ಜಾಗ ಇದೆ. ಆ ಹುಡುಗ ಈಗ ಸಂಪಾಜೆಯಲ್ಲಿ ಜೀಪ್ ಓಡಿಸುತ್ತಾನೆ. ಹೋಗಿ ಕೇಳಿದೆ. ಕೆಂಪು ಇಂಕಿನ ವಿಷಯವನ್ನೂ ಹೇಳಿ, ತಪ್ಪಾಯಿತು ಅಂದೆ. ಅವನಿಗೆ ಅದು ಚೆನ್ನಾಗಿ ನೆನಪಿತ್ತು. "ಬನ್ನಿ ಮಿಸ್" ಅಂತ ಹಿಂದಿನ ಸೀಟಿನ ಮೇಲಿದ್ದ ಹಗ್ಗ, ಟಾರ್ಪಾಲ್ ಎಲ್ಲ ತೆಗೆದು ಜಾಗ ಮಾಡಿದ. ಮಡಿಕೇರಿ ಕೋಟೆಯ ಬಾಗಿಲು, ಬೆಳ್ಳಾರೆ, ಮಂಗಳೂರಿನ ಬಾವುಟಗುಡ್ಡೆ. ಬಾವುಟಗುಡ್ಡೆಯಲ್ಲಿ ಈಗ ರಾಮಯ್ಯ ಗೌಡರ ಪ್ರತಿಮೆ ಇದೆ. ಎರಡು ದಿನ ತಿರುಗಿ ಅವನ ಮೊಬೈಲ್‌ನಲ್ಲಿ 64 ಫೋಟೋ ತೆಗೆದೆವು. ಪ್ರತಿಯೊಂದರ ಕೆಳಗೆ ಜಾಗ, ತಾರೀಖು, ಅಲ್ಲಿ ನಡೆದದ್ದು ಏನು ಅಂತ ಎರಡು ಸಾಲು ಅವನೇ ಬರೆದ. ಮೊದಲ ಫೋಟೋದ ಕೆಳಗೆ '1837' ಅಂತ ದೊಡ್ಡದಾಗಿ ಹಾಕಿದ. ಕಳೆದ ವಾರ ಕಳಿಸಿದ್ದೇವೆ.