ಗುಂಗುರು ಕೂದಲಿನ ನಾಯಿ, ಮಲೆನಾಡಿನ ಮಳೆ: ಮನೆಯಲ್ಲೇ ಆರೈಕೆ ಮಾಡುವ ಕ್ರಮ

ಪೂಡಲ್ ಜಾತಿಯ ನಾಯಿಗೆ ಕೂದಲು ಉದುರುವುದಿಲ್ಲ ಎಂದು ಹೇಳಿ ಮರಿ ಮಾರುತ್ತಾರೆ. ಅದು ಅರ್ಧ ನಿಜ. ಸತ್ತ ಕೂದಲು ನೆಲಕ್ಕೆ ಬೀಳದೆ ಪಕ್ಕದ ಸುರುಳಿಗೇ ಸುತ್ತಿಕೊಂಡು ಬುಡದಲ್ಲಿ ಸಿಕ್ಕಾಗುತ್ತದೆ. ಸಿಕ್ಕು ಒದ್ದೆಯಾಗಿ ಒಣಗಿದರೆ ಇನ್ನಷ್ಟು ಬಿಗಿಯುತ್ತದೆ. ತೀರ್ಥಹಳ್ಳಿ, ಹೊಸನಗರದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾಯಿ ಪೂರ್ತಿ ಒಣಗುವುದೇ ಅಪರೂಪ. ಹಾಗಾಗಿ ಇಲ್ಲಿ ಸ್ನಾನಕ್ಕಿಂತ ಬಾಚುವುದು, ಒಣಗಿಸುವುದೇ ದೊಡ್ಡ ಕೆಲಸ.

ಬೇಕಾಗುವ ಸಾಮಾನು ಹೆಚ್ಚಿಲ್ಲ. ಸಣ್ಣ ತಂತಿ ಹಲ್ಲುಗಳ ಸ್ಲಿಕರ್ ಬ್ರಷ್, ಒಂದು ಬದಿ ಅಗಲ ಹಲ್ಲು, ಇನ್ನೊಂದು ಬದಿ ಒತ್ತು ಹಲ್ಲು ಇರುವ ಸ್ಟೀಲ್ ಬಾಚಣಿಗೆ, ತುದಿ ಮೊಂಡಾದ ಕತ್ತರಿ, ಹೇರ್ ಡ್ರೈಯರ್, ಕೂದಲು ಬೋಳಿಸುವ ಯಂತ್ರ ಅಂದರೆ ಕ್ಲಿಪ್ಪರ್. ಒಂದನ್ನೇ ಕೊಳ್ಳಲು ದುಡ್ಡಿದ್ದರೆ ಬಾಚಣಿಗೆ ಕೊಳ್ಳಿ. ಬ್ರಷ್ ಮೇಲುಮೇಲೆ ಹೋಗಿ ಕೂದಲನ್ನು ಉಬ್ಬಿಸಿ ಮೋಸ ಮಾಡುತ್ತದೆ. ಒಳಗೆ ಗಂಟು ಹಾಗೇ ಇರುತ್ತದೆ. ಬಾಚಣಿಗೆ ಬುಡದಿಂದ ತುದಿಯವರೆಗೆ ತಡೆಯಿಲ್ಲದೆ ಬಂದರೆ ಮಾತ್ರ ಆ ಜಾಗ ಮುಗಿಯಿತು ಎಂದರ್ಥ.

ಬಾಚುವುದು ಹೀಗೆ. ಜಾರದಂತೆ ರಬ್ಬರ್ ಮ್ಯಾಟ್ ಹಾಸಿದ ಮೇಜಿನ ಮೇಲೆ ನಾಯಿಯನ್ನು ನಿಲ್ಲಿಸಿ. ಹಿಂಗಾಲಿನ ಪಾದದ ಹತ್ತಿರ ಶುರುಮಾಡಿ ಮೇಲಕ್ಕೆ ಹೋಗಿ. ಎಡಗೈಯಿಂದ ಮೇಲಿನ ಕೂದಲನ್ನು ಎತ್ತಿ ಹಿಡಿದರೆ ಅಡ್ಡಕ್ಕೆ ಒಂದು ಬೈತಲೆ ಮೂಡಿ ಚರ್ಮ ಕಾಣುತ್ತದೆ. ಆ ಗೆರೆಯಿಂದ ಕೆಳಗಿನ ಕೂದಲನ್ನಷ್ಟೇ ಮೊದಲು ಬ್ರಷ್, ಆಮೇಲೆ ಬಾಚಣಿಗೆಯಿಂದ ಹೊರಕ್ಕೆ ಎಳೆಯಿರಿ. ಮುಗಿದ ಮೇಲೆ ಎರಡು ಬೆರಳು ಮೇಲೆ ಇನ್ನೊಂದು ಬೈತಲೆ. ಬ್ರಷ್ಷನ್ನು ಒತ್ತಬೇಡಿ, ಒಂದೇ ಕಡೆ ಉಜ್ಜಿದರೆ ಚರ್ಮ ತರಚಿ ಕೆಂಪಾಗುತ್ತದೆ. ಮುಂಗೈ ಒಳಭಾಗದಲ್ಲಿ ಒಮ್ಮೆ ಎಳೆದು ನೋಡಿಕೊಂಡರೆ ಎಷ್ಟು ಬಲ ಸಾಕೆಂದು ಗೊತ್ತಾಗುತ್ತದೆ. ಕಿವಿಯ ಹಿಂದೆ, ಮುಂಗಾಲಿನ ಕಂಕುಳು, ಕುತ್ತಿಗೆ ಪಟ್ಟಿಯ ಕೆಳಗೆ, ತೊಡೆಸಂದು, ಬಾಲದ ಬುಡ: ಗಂಟು ಕಟ್ಟುವುದು ಮೊದಲು ಇಲ್ಲೇ. ಬೇಸಿಗೆಯಲ್ಲಿ ದಿನ ಬಿಟ್ಟು ದಿನ ಬಾಚಿದರೆ ನಡೆಯುತ್ತದೆ. ಮಳೆಗಾಲದಲ್ಲಿ ದಿನಾ ಬಾಚಬೇಕು.

ಗಂಟು ಸಣ್ಣದಾದರೆ ಚಿಟಿಕೆ ಕಾರ್ನ್‌ಫ್ಲೋರ್ ಉದುರಿಸಿ, ಬುಡವನ್ನು ಎರಡು ಬೆರಳಲ್ಲಿ ಹಿಡಿದುಕೊಳ್ಳಿ. ಆಗ ಎಳೆತ ಚರ್ಮಕ್ಕೆ ತಟ್ಟುವುದಿಲ್ಲ. ಬಾಚಣಿಗೆಯ ಕೊನೆಯ ಹಲ್ಲಿನಿಂದ ತುದಿಯ ಕಡೆಯಿಂದ ಒಳಕ್ಕೆ ಸ್ವಲ್ಪಸ್ವಲ್ಪವೇ ಬಿಡಿಸುತ್ತ ಬನ್ನಿ. ಉತ್ತರಾಣಿಯ ಮುಳ್ಳುಬೀಜ ಸಿಕ್ಕಿಕೊಂಡಿದ್ದರೂ ಇದೇ ಕ್ರಮ. ಜಡೆಗಟ್ಟಿದ ದೊಡ್ಡ ಗಂಟಿಗೆ ಮಾತ್ರ ಕತ್ತರಿ ಹಾಕಲೇಬೇಡಿ. ಗಂಟಿನ ಜೊತೆ ಚರ್ಮವೂ ಮೇಲೆದ್ದು ಬಂದಿರುತ್ತದೆ. ಕಣ್ಣಿಗೆ ಕೂದಲಿನಂತೆ ಕಂಡದ್ದು ಚರ್ಮವಾಗಿರುತ್ತದೆ, ಹೊಲಿಗೆ ಹಾಕಿಸಬೇಕಾಗುತ್ತದೆ. ಕ್ಲಿಪ್ಪರ್‌ಗೆ 10ನೇ ನಂಬರ್ ಬ್ಲೇಡ್ ಹಾಕಿ, ಗಂಟಿನ ಅಡಿಯಲ್ಲಿ ಚರ್ಮಕ್ಕೆ ಮಟ್ಟಸವಾಗಿ ಹಿಡಿದು ಬೋಳಿಸಿ. ಮೈಯೆಲ್ಲ ಕಂಬಳಿಯಂತೆ ಒಂದೇ ಹಾಳೆಯಾಗಿದ್ದರೆ ಬಿಡಿಸುತ್ತ ಕೂರುವುದು ನಾಯಿಗೆ ಹಿಂಸೆ, ಪೂರ್ತಿ ತೆಗೆಸುವುದೇ ವಾಸಿ.

ಸ್ನಾನ ಮೂರು ನಾಲ್ಕು ವಾರಕ್ಕೊಮ್ಮೆ ಸಾಕು. ಗಂಟು ಬಿಡಿಸಿದ ಮೇಲೆಯೇ ನೀರು ಹಾಕಬೇಕು; ಈ ಕ್ರಮ ತಪ್ಪಿದರೆ ಸಿಕ್ಕು ಬಿಗಿಯುತ್ತದೆ. ಹಂಡೆಯ ನೀರನ್ನು ಉಗುರುಬೆಚ್ಚಗಾಗುವಷ್ಟು ತಣ್ಣೀರು ಬೆರೆಸಿಕೊಳ್ಳಿ. ನಾಯಿಯ ಶಾಂಪೂ ಒಂದು ಪಾಲಿಗೆ ಹತ್ತು ಪಾಲು ನೀರು ಸೇರಿಸಿ ಬಾಟಲಿಯಲ್ಲಿ ಕುಲುಕಿ ಹಾಕಿದರೆ ಬುಡದವರೆಗೆ ಇಳಿಯುತ್ತದೆ. ನಾವು ಹಾಕಿಕೊಳ್ಳುವ ಶಾಂಪೂ ಬೇಡ, ನಾಯಿಯ ಚರ್ಮಕ್ಕೆ ಅದರ ಆಮ್ಲೀಯತೆ ಹೆಚ್ಚು. ಸೀಗೆಪುಡಿಯೂ ಬೇಡ: ಸುರುಳಿಯೊಳಗೆ ಪುಡಿ ಉಳಿದು ತುರಿಕೆ, ಕಣ್ಣಿಗೆ ಬಿದ್ದರೆ ಉರಿ. ನೊರೆ ಹೋಯಿತು ಅನ್ನಿಸಿದ ಮೇಲೂ ಇನ್ನೊಂದು ಸಲ ನೀರು ಸುರಿಯಿರಿ.

ಒರೆಸುವಾಗ ಟವೆಲಿನಿಂದ ಗಸಗಸ ಉಜ್ಜಬೇಡಿ, ಒತ್ತಿ ಒತ್ತಿ ನೀರು ತೆಗೆಯಿರಿ. ಆಮೇಲೆ ಡ್ರೈಯರ್ ಕಡಿಮೆ ಬಿಸಿಯಲ್ಲಿ, ಒಂದು ಅಡಿ ದೂರ ಹಿಡಿದು, ಗಾಳಿ ಬೀಳುವ ಜಾಗದಲ್ಲೇ ಬಾಚುತ್ತ ಹೋಗಿ. ಬುಡ ತಣ್ಣಗೆ ತಗುಲಿದರೆ ಇನ್ನೂ ಒದ್ದೆಯಿದೆ ಎಂದೇ ಲೆಕ್ಕ. ಬಚ್ಚಲ ಒಲೆಯ ಮುಂದೆ ಮಲಗಿಸಿ ಕೈತೊಳೆದುಕೊಳ್ಳುವವರಿದ್ದಾರೆ. ಮೇಲೆ ಗರಿಗರಿಯಾಗುತ್ತದೆ ಅಷ್ಟೆ, ಒಳಗೆ ತೇವ ನಿಂತು ಕಮಟು ವಾಸನೆ, ಜಿಡ್ಡು, ಕೀವಾಡುವ ಹುಣ್ಣು ಆಗುತ್ತದೆ. ಕಿವಿಯೂ ಹಾಗೆಯೇ. ಸ್ನಾನಕ್ಕೆ ಮೊದಲು ಹತ್ತಿ ಇಟ್ಟು, ಮುಗಿದ ಕೂಡಲೇ ತೆಗೆದು, ಹೊರಕಿವಿಯನ್ನು ಒಣ ಬಟ್ಟೆಯಲ್ಲಿ ಒರೆಸಿ. ಒಳಗಿನ ಕೂದಲು ಕೀಳುವುದು ವೈದ್ಯರು ಹೇಳಿದರೆ ಮಾತ್ರ.

ಕತ್ತರಿಸುವುದು ನಾಲ್ಕರಿಂದ ಆರು ವಾರಕ್ಕೊಮ್ಮೆ, ಒಣಗಿ ಬಾಚಿದ ಕೂದಲಿಗೆ ಮಾತ್ರ. ಮಳೆಗಾಲಕ್ಕೆ ಮೈಮೇಲೆ ಸುಮಾರು ಒಂದು ಸೆಂಟಿಮೀಟರ್ ಉಳಿಸಿದರೆ ಬಾಚಲೂ ಸುಲಭ, ಒಣಗಲೂ ಸುಲಭ. ಕ್ಲಿಪ್ಪರನ್ನು ಕೂದಲು ಬೆಳೆದ ದಿಕ್ಕಿಗೇ ನಡೆಸಿ. ಐದಾರು ನಿಮಿಷಕ್ಕೊಮ್ಮೆ ಬ್ಲೇಡನ್ನು ಮಣಿಕಟ್ಟಿಗೆ ತಾಗಿಸಿ ನೋಡಿ, ಬಿಸಿಯಾಗಿದ್ದರೆ ನಿಲ್ಲಿಸಿ. ಪಾದದಡಿಯ ಕೂದಲನ್ನು ಮೆತ್ತೆಯ ಮಟ್ಟಕ್ಕೆ ಕತ್ತರಿಸಿದರೆ ಕೆಂಪು ಮಣ್ಣಿನ ಉಂಡೆ ಕಟ್ಟುವುದಿಲ್ಲ, ಬೆರಳ ಸಂದಿನ ಇಂಬಳವೂ ಕಣ್ಣಿಗೆ ಬೀಳುತ್ತದೆ. ಇಂಬಳವನ್ನು ಉಗುರಿನಿಂದ ಜಾರಿಸಿ ತೆಗೆಯಿರಿ. ಸುಣ್ಣ ಹಚ್ಚಿದರೆ ಚರ್ಮ ಸುಡುತ್ತದೆ. ಹೊಗೆಸೊಪ್ಪಿನ ನೀರನ್ನು ನಾಯಿ ನೆಕ್ಕಿದರೆ ವಿಷ. ಇಂಬಳ ತೆಗೆದ ಮೇಲೆ ಸ್ವಲ್ಪ ಹೊತ್ತು ರಕ್ತ ಒಸರುವುದು ಸಹಜ, ಬಟ್ಟೆ ಒತ್ತಿ ಹಿಡಿದರೆ ನಿಲ್ಲುತ್ತದೆ.

ಮಳೆ ಮುಗಿದ ಮೇಲೆ ಉಣುಗಿನ ಕಾಲ. ಮನುಷ್ಯರಿಗೂ ತಗಲುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ನಮ್ಮದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, ಅದನ್ನು ಹರಡುವುದೂ ಉಣುಗೇ. ಕಾಡಂಚಿಗೆ ಹೋಗಿ ಬಂದ ನಾಯಿಯನ್ನು ಮನೆಯೊಳಗೆ ಬಿಡುವ ಮೊದಲು ಅಂಗಳದಲ್ಲೇ, ಕೈಗವಸು ಹಾಕಿಕೊಂಡು ಬಾಚಿ. ಕಚ್ಚಿಕೊಂಡಿರುವ ಉಣುಗನ್ನು ಚಿಮಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರ ಮೇಲಕ್ಕೆ ಎಳೆದು ಸ್ಪಿರಿಟ್‌ಗೆ ಹಾಕಿ, ಬರಿಗೈಯಲ್ಲಿ ಹಿಸುಕಬೇಡಿ. ಸೀಮೆಎಣ್ಣೆ ಸವರುವುದು ಬೇಡವೇ ಬೇಡ. ಉಣುಗಿನ ಔಷಧಿಯನ್ನು ನಾಯಿಯ ತೂಕ ಹೇಳಿ ಪಶುವೈದ್ಯರಿಂದಲೇ ಬರೆಸಿಕೊಳ್ಳಿ.

ಕೆಲಸ ಮುಗಿದ ಮೇಲೆ ಬ್ಲೇಡಿನ ಕೂದಲು ಕೊಡವಿ, ಒಣ ಬಟ್ಟೆಯಲ್ಲಿ ಒರೆಸಿ, ಎರಡು ಹನಿ ಕ್ಲಿಪ್ಪರ್ ಎಣ್ಣೆ ಬಿಟ್ಟು ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಹೊರಗಿಟ್ಟರೆ ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆ, ತುಕ್ಕು ಹಿಡಿದ ಬ್ಲೇಡ್ ಕೂದಲನ್ನು ಕತ್ತರಿಸದೆ ಕೀಳುತ್ತದೆ.