ಬ್ರೆಡ್‌ಗೆ ಅಂತ ಸ್ಟ್ಯಾಂಡ್ ಮಿಕ್ಸರ್ ಕೊಳ್ಳುವಾಗ ಏನು ನೋಡಬೇಕು

ಸ್ಟ್ಯಾಂಡ್ ಮಿಕ್ಸರ್, ಅಂದರೆ ಬೌಲಿನಲ್ಲಿ ಹಿಟ್ಟು ಕಲಸಿ ನಾದುವ ಯಂತ್ರ, ಕೊಳ್ಳಲು ಹೊರಟವರು ಮೊದಲು ನೋಡುವುದು ಡಬ್ಬದ ಮೇಲಿನ ಎರಡು ಅಂಕಿ. ಎಷ್ಟು ವ್ಯಾಟ್, ಎಷ್ಟು ಲೀಟರ್. ಬ್ರೆಡ್ ಮಾಡುವವರಿಗೆ ಈ ಎರಡರಿಂದ ತಿಳಿಯುವುದು ಬಹಳ ಕಡಿಮೆ. ಕೇಕ್ ಹಿಟ್ಟು ಕಲಸುವುದು, ಕ್ರೀಮ್ ನೊರೆ ಬರಿಸುವುದು, ಇವನ್ನೆಲ್ಲ ಹೆಚ್ಚುಕಡಿಮೆ ಯಾವ ಮಿಕ್ಸರ್ ಆದರೂ ಮಾಡುತ್ತದೆ. ಬ್ರೆಡ್ ಕಣಕ ಹಾಗಲ್ಲ. ನಾದುತ್ತಾ ಹೋದ ಹಾಗೆ ಅದು ಬಿಗಿಯಾಗುತ್ತದೆ, ಹುಕ್ಕನ್ನು (ನಾದುವ ಕೊಕ್ಕೆಯನ್ನು) ಹಿಡಿದು ಎಳೆಯುತ್ತದೆ, ಆ ಎಳೆತವನ್ನು ಮೋಟಾರು ಎಂಟು ಹತ್ತು ನಿಮಿಷ ಒಂದೇ ಸಮನೆ ತಾಳಿಕೊಳ್ಳಬೇಕು. ಮನೆ ಮಿಕ್ಸರ್‌ಗೆ ಇದಕ್ಕಿಂತ ಕಷ್ಟದ ಕೆಲಸ ಇನ್ನೊಂದಿಲ್ಲ.

ಹಾಗಾಗಿ ಮಾಡೆಲ್‌ಗಳನ್ನು ಹೋಲಿಸುವ ಮುಂಚೆ ನಿಮ್ಮ ಕಣಕದ ಲೆಕ್ಕ ಬರೆದುಕೊಳ್ಳಿ. ಒಂದು ಸಲಕ್ಕೆ ಎಷ್ಟು ಗ್ರಾಂ ಒಣ ಹಿಟ್ಟು ಹಾಕುತ್ತೀರಿ? ಅದಕ್ಕೆ ಎಷ್ಟು ನೀರು? ನೀರಿನ ತೂಕವನ್ನು ಹಿಟ್ಟಿನ ತೂಕದಿಂದ ಭಾಗಿಸಿ, ನೂರರಿಂದ ಗುಣಿಸಿ. 500 ಗ್ರಾಂ ಹಿಟ್ಟಿಗೆ 325 ಗ್ರಾಂ ನೀರು ಅಂದರೆ ಶೇ. 65. ಸಾಮಾನ್ಯ ಸ್ಯಾಂಡ್‌ವಿಚ್ ಬ್ರೆಡ್ ಶೇ. 60ರಿಂದ 65ರ ಆಸುಪಾಸಿನಲ್ಲಿರುತ್ತದೆ. ಬೇಗಲ್, ಅಂದರೆ ಉಂಗುರದ ಆಕಾರದ ಗಟ್ಟಿ ಬ್ರೆಡ್, ಶೇ. 55ರ ಸುತ್ತಮುತ್ತ. ಇಟಲಿಯ ಚಬಾಟ ಬ್ರೆಡ್ ಶೇ. 75 ದಾಟುತ್ತದೆ.

ನೀರು ಜಾಸ್ತಿ ಇರುವ, ಕೈಗೆ ಅಂಟುವ ಕಣಕವೇ ಯಂತ್ರಕ್ಕೂ ಕಷ್ಟ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಮೋಟಾರಿನ ಕಡೆಯಿಂದ ನೋಡಿದರೆ ಇದು ಉಲ್ಟಾ. ಚಬಾಟ ಕಣಕವನ್ನು ಸಾಧಾರಣ ಮಿಕ್ಸರ್ ಕೂಡ ಸುಲಭವಾಗಿ ತಿರುಗಿಸುತ್ತದೆ. ಯಂತ್ರದ ಜೀವ ಹಿಂಡುವುದು ಬೇಗಲ್‌ನಂಥ ಗಟ್ಟಿ ಕಣಕ. ಇಡೀ ಗೋಧಿ ಹಿಟ್ಟು ನೀರನ್ನು ಜಾಸ್ತಿ ಹೀರುತ್ತದೆ, ಅದಕ್ಕೇ ಅಷ್ಟೇ ನೀರು ಹಾಕಿದರೂ ಬಿಳಿ ಹಿಟ್ಟಿಗಿಂತ ಗಟ್ಟಿಯಾಗಿ ಕೂರುತ್ತದೆ. ಅದನ್ನೂ ಲೆಕ್ಕಕ್ಕೆ ತಗೊಳ್ಳಿ.

ಯಂತ್ರ ಬೇಕೇ ಬೇಕಾ ಅನ್ನುವುದನ್ನೂ ಇಲ್ಲೇ ತೀರ್ಮಾನ ಮಾಡಿಬಿಡಿ. ವಾರಕ್ಕೊಂದು ಸಲ 500 ಗ್ರಾಂ ಹಿಟ್ಟಿನ ಒಂದು ಲೋಫ್ ಮಾಡುವವರಿಗೆ ಕೈ ಸಾಕು. ಹಿಟ್ಟು ನೀರು ಕಲಸಿ ಅರ್ಧ ಗಂಟೆ ಸುಮ್ನೆ ಮುಚ್ಚಿಟ್ಟರೆ ಗ್ಲುಟೆನ್ (ಕಣಕಕ್ಕೆ ಹಿಗ್ಗುವ ಗುಣ ಕೊಡುವ ಪ್ರೋಟೀನ್) ತಾನಾಗೇ ಕೂಡಿಕೊಳ್ಳಲು ಶುರುವಾಗುತ್ತದೆ, ಆಮೇಲೆ ನಾದುವ ಕೆಲಸ ಅರ್ಧಕ್ಕರ್ಧ ಕಡಿಮೆ. ನಡುನಡುವೆ ಕಣಕವನ್ನು ಎಳೆದು ಮಡಚುತ್ತಾ ಹೋಗುವ ವಿಧಾನದಲ್ಲಂತೂ ನಾದುವುದೇ ಇಲ್ಲ. ಯಂತ್ರ ನಿಜವಾಗಿ ಉಪಯೋಗಕ್ಕೆ ಬರುವುದು ಒಟ್ಟಿಗೆ ಮೂರು ನಾಲ್ಕು ಲೋಫ್ ಮಾಡುವವರಿಗೆ, ಮಣಿಕಟ್ಟು ನೋವಿರುವವರಿಗೆ, ಗಟ್ಟಿ ಕಣಕ ಪದೇ ಪದೇ ಮಾಡುವವರಿಗೆ, ಮತ್ತೆ ಬ್ರಿಯೋಶ್ ಅನ್ನುವ ಬೆಣ್ಣೆ ಬ್ರೆಡ್ ಇಷ್ಟಪಡುವವರಿಗೆ. ಹಿಟ್ಟಿನ ಅರ್ಧದಷ್ಟು ಬೆಣ್ಣೆಯನ್ನು ಸ್ವಲ್ಪ ಸ್ವಲ್ಪವೇ ಕಣಕಕ್ಕೆ ಸೇರಿಸುವ ಕೆಲಸ ಕೈಯಲ್ಲಿ ಮಾಡಿದರೆ ಬೆಣ್ಣೆ ಕರಗಿ ಎಲ್ಲ ಜಿಡ್ಡಾಗುತ್ತದೆ. ಮಿಕ್ಸರ್ ಅದನ್ನು ಚೆನ್ನಾಗಿ ಮಾಡುತ್ತದೆ.

ವ್ಯಾಟ್ ಯಾಕೆ ನಂಬಬಾರದು

ಡಬ್ಬದ ಮೇಲಿನ ವ್ಯಾಟ್, ಮೋಟಾರು ಎಷ್ಟು ಕರೆಂಟು ಎಳೆಯುತ್ತದೆ ಅನ್ನುವ ಲೆಕ್ಕ. ಹುಕ್ ತುದಿಗೆ ಎಷ್ಟು ಬಲ ತಲುಪುತ್ತದೆ ಅನ್ನುವುದು ಅದರಲ್ಲಿಲ್ಲ. ಗಾಡಿ ಎಷ್ಟು ಪೆಟ್ರೋಲ್ ಕುಡಿಯುತ್ತದೆ ಅಂತ ಹೇಳಿದರೆ ಎಷ್ಟು ಭಾರ ಎಳೆಯುತ್ತದೆ ಅಂತ ಗೊತ್ತಾಗುವುದಿಲ್ಲ, ಅಲ್ವಾ? ಹಾಗೆ. ಕಿಚನ್‌ಏಡ್‌ನ ಆರ್ಟಿಸಾನ್ ಮಾಡೆಲ್ ಸುಮಾರು 300 ವ್ಯಾಟ್‌ನದು. ಅದಕ್ಕಿಂತ ಎಷ್ಟೋ ಹಗುರವಾದ, ಪ್ಲಾಸ್ಟಿಕ್ ಮೈಯ ಯಂತ್ರಗಳ ಮೇಲೆ 1000, 1500 ವ್ಯಾಟ್ ಅಂತ ಬರೆದಿರುತ್ತಾರೆ. ಹಾಗಂತ ಅವು ಕಣಕವನ್ನು ಐದು ಪಟ್ಟು ಬಲವಾಗಿ ನಾದುತ್ತವಾ? ಇಲ್ಲ. ಬೇಕಾದ್ದು ನಿಧಾನ ವೇಗದಲ್ಲಿ ತಿರುಚುವ ಬಲ, ಅಂದರೆ ಟಾರ್ಕ್. ಅದು ಮೋಟಾರಿನ ಬಗೆ ಮತ್ತು ಗೇರುಗಳ ಮೇಲೆ ನಿಂತಿದೆ. ಡಿಸಿ ಮೋಟಾರ್ ಇರುವ ಯಂತ್ರಗಳು ನಿಧಾನ ವೇಗದಲ್ಲೂ ಬಲ ಕಳೆದುಕೊಳ್ಳುವುದಿಲ್ಲ, ಸದ್ದೂ ಕಡಿಮೆ. ಎರಡು ಯಂತ್ರ ಬೇರೆಲ್ಲದರಲ್ಲೂ ಸರಿಸಮ ಇದ್ದರೆ ನಾನು ಡಿಸಿ ಮೋಟಾರಿನದನ್ನೇ ಆರಿಸುತ್ತೇನೆ.

ಗೇರುಗಳ ವಿಷಯಕ್ಕೆ ಬಂದರೆ, ಒಳಗೆ ಲೋಹದ ಗೇರು ಇರಬೇಕು ಅನ್ನುವುದು ಸರಿ. ಆದರೆ ಒಂದು ಗೇರು ಮಾತ್ರ ಬೇಕೆಂದೇ ಮೆತ್ತಗಿರುವ ಯಂತ್ರಗಳೂ ಇವೆ. ಹುಕ್ ಸಿಕ್ಕಿಹಾಕಿಕೊಂಡರೆ ಆ ಒಂದು ಗೇರು ಮುರಿದು ಮೋಟಾರು ಉಳಿಯಲಿ ಅನ್ನುವ ಉದ್ದೇಶ. ಅದನ್ನು ಕಂಡು ಕಳಪೆ ಮಾಲು ಅಂತ ಬೈಯುವವರಿದ್ದಾರೆ, ನನಗಂತೂ ಅದು ಒಳ್ಳೆಯ ಎಂಜಿನಿಯರಿಂಗ್ ಅನ್ನಿಸುತ್ತದೆ, ಯಾಕೆಂದರೆ ಮೋಟಾರು ಸುಟ್ಟರೆ ಯಂತ್ರವೇ ಹೋದಂತೆ, ಗೇರು ಮುರಿದರೆ ಬದಲಾಯಿಸಿಕೊಂಡರೆ ಆಯಿತು. ಆ ಬಿಡಿಭಾಗ ನಿಮಗೆ ಸಿಗುತ್ತದೆಯೇ, ರಿಪೇರಿ ಮಾಡುವವರು ಇದ್ದಾರೆಯೇ ಅಂತ ಕೊಳ್ಳುವ ಮುಂಚೆಯೇ ವಿಚಾರಿಸಿ. ಬಿಡಿಭಾಗವೇ ಸಿಗದ ಯಂತ್ರಕ್ಕೆ ಎಷ್ಟು ವರ್ಷ ವಾರಂಟಿ ಕೊಟ್ಟರೂ ಆಮೇಲೆ ಪರದಾಟವೇ.

ಕೈಪಿಡಿಯನ್ನು ಮೊದಲೇ ಓದಿ

ಇದನ್ನು ಒತ್ತಿ ಹೇಳುತ್ತೇನೆ. ಹೆಚ್ಚಿನ ಕಂಪನಿಗಳು ಕೈಪಿಡಿಯನ್ನು ತಮ್ಮ ವೆಬ್‌ಸೈಟ್‌ನಲ್ಲಿ ಹಾಕಿರುತ್ತವೆ. ದುಡ್ಡು ಕೊಡುವ ಮುಂಚೆ ಇಳಿಸಿಕೊಂಡು ಅದರಲ್ಲಿ ಮೂರು ವಿಷಯ ಹುಡುಕಿ.

ಮೊದಲನೆಯದು, ಬ್ರೆಡ್ ಕಣಕಕ್ಕೆ ಗರಿಷ್ಠ ಎಷ್ಟು ಹಿಟ್ಟು. ಬೌಲ್ ಎಷ್ಟು ಲೀಟರ್ ಅನ್ನುವುದು ಬೌಲಿನ ಅಳತೆ ಅಷ್ಟೇ, ಯಂತ್ರದ ಶಕ್ತಿಯಲ್ಲ. ಬೌಲ್ ತುಂಬಾ ದೊಡ್ಡದಿದ್ದು ಕಣಕದ ಮಿತಿ ಮಾತ್ರ ಚಿಕ್ಕದಿರುವ ಯಂತ್ರಗಳು ಬೇಕಾದಷ್ಟಿವೆ. ಕೊಟ್ಟ ಮಿತಿಯ ಮೂರರಲ್ಲಿ ಎರಡು ಭಾಗ ಮಾತ್ರ ನಿಮ್ಮದು ಅಂತ ಇಟ್ಟುಕೊಳ್ಳಿ. ನೀವು ಯಾವಾಗಲೂ 700 ಗ್ರಾಂ ಹಿಟ್ಟು ಹಾಕುವವರಾದರೆ ಒಂದು ಕೆಜಿಗಿಂತ ಜಾಸ್ತಿ ತಾಳುವ ಯಂತ್ರ ನೋಡಿ. ಗಟ್ಟಿ ಕಣಕವೇ ನಿಮ್ಮ ಕೆಲಸ ಅಂದರೆ ಅರ್ಧಕ್ಕೆ ಇಳಿಸಿ. ಹಾಗಂತ ಅತಿ ದೊಡ್ಡದನ್ನು ತಂದರೂ ತೊಂದರೆ. ದೊಡ್ಡ ಬೌಲಿನಲ್ಲಿ 300 ಗ್ರಾಂ ಹಿಟ್ಟು ಹಾಕಿದರೆ ಹುಕ್ಕಿಗೆ ಅದು ಸಿಗುವುದೇ ಇಲ್ಲ, ತಳದಲ್ಲಿ ಉಳಿದು ಸುಮ್ನೆ ತಿರುಗುತ್ತದೆ. ಕನಿಷ್ಠ ಎಷ್ಟು ಹಾಕಬೇಕು ಅಂತಲೂ ನೋಡಿ.

ಎರಡನೆಯದು, ಯಾವ ವೇಗದಲ್ಲಿ ನಾದಬಹುದು. ಕಿಚನ್‌ಏಡ್ ಯಂತ್ರಗಳಲ್ಲಿ ಯೀಸ್ಟ್ ಕಣಕಕ್ಕೆ 2ನೇ ವೇಗ ದಾಟಬೇಡಿ ಅಂತ ಕೈಪಿಡಿಯಲ್ಲೇ ಇದೆ. ಬೇಗ ಮುಗಿಯಲಿ ಅಂತ 4ಕ್ಕೋ 6ಕ್ಕೋ ತಿರುಗಿಸುವವರು ಯಂತ್ರವನ್ನು ತಾವೇ ಹಾಳುಮಾಡುತ್ತಾರೆ. ಅತಿ ನಿಧಾನದ ವೇಗ ನಿಜವಾಗಲೂ ನಿಧಾನವಿದೆಯೇ ಅಂತಲೂ ಕಣ್ಣಾರೆ ನೋಡಿ. ಕೆಲವು ಅಗ್ಗದ ಯಂತ್ರಗಳಲ್ಲಿ 1ನೇ ವೇಗವೇ ಓಟ, ಒಣ ಹಿಟ್ಟು ಮುಖಕ್ಕೆ ಹಾರುತ್ತದೆ.

ಮೂರನೆಯದು, ಒಂದೇ ಸಮನೆ ಎಷ್ಟು ನಿಮಿಷ ಓಡಿಸಬಹುದು. ಕೆಲವು ಯಂತ್ರಗಳ ತಳದ ಲೇಬಲ್ ಮೇಲೆ ‘ಕೆಬಿ’ ಅನ್ನುವ ಎರಡಕ್ಷರದ ಪಕ್ಕ ನಿಮಿಷಗಳ ಸಂಖ್ಯೆ ಇರುತ್ತದೆ. ಅಷ್ಟು ಹೊತ್ತು ಓಡಿಸಿ ಆಮೇಲೆ ತಣ್ಣಗಾಗಲು ಬಿಡಬೇಕು ಅಂತ ಅದರರ್ಥ. ಐದು ನಿಮಿಷಕ್ಕೆ ಬಿಡುವು ಕೇಳುವ ಯಂತ್ರ ಬ್ರಿಯೋಶ್‌ಗೆ ಆಗಿಬರುವುದಿಲ್ಲ.

ಹುಕ್ಕಿನ ಆಕಾರ

ಹುಕ್ಕುಗಳಲ್ಲಿ ಎರಡು ಬಗೆ ಹೆಚ್ಚು. ಒಂದು ಇಂಗ್ಲಿಷಿನ ಸಿ ಅಕ್ಷರದ ಹಾಗೆ ಬಾಗಿರುವುದು, ಇನ್ನೊಂದು ಸುರುಳಿಯದು. ಸಿ ಹುಕ್ಕಿಗೆ ಕಣಕ ಸುತ್ತಿಕೊಂಡು ಮೇಲೆ ಹತ್ತುತ್ತದೆ, ಆಮೇಲೆ ಒಂದೇ ಉಂಡೆಯಾಗಿ ಅದರ ಜೊತೆಗೇ ತಿರುಗುತ್ತದೆ, ನಾದುವ ಕೆಲಸ ಅಲ್ಲಿಗೆ ನಿಂತಂತೆ. ಪದೇ ಪದೇ ನಿಲ್ಲಿಸಿ ಕೆಳಗೆ ತಳ್ಳಬೇಕಾಗುತ್ತದೆ. ಸುರುಳಿ ಹುಕ್ ಕಣಕವನ್ನು ತಳಕ್ಕೆ ಒತ್ತುತ್ತದೆ. ಬ್ರೆಡ್‌ಗೆ ಅದೇ ವಾಸಿ. ಹುಕ್ ಸ್ಟೇನ್‌ಲೆಸ್ ಸ್ಟೀಲಿನದಾದರೆ ಇನ್ನೂ ಒಳ್ಳೆಯದು. ಬಣ್ಣದ ಲೇಪನ ಕಾಲಾಂತರದಲ್ಲಿ ಎದ್ದು ಬರಬಹುದು, ಬರೀ ಅಲ್ಯೂಮಿನಿಯಂ ಆದರೆ ಡಿಶ್‌ವಾಷರ್‌ಗೆ ಹಾಕಿದಾಗ ಕಪ್ಪು ಮಸಿ ಬಿಡುತ್ತದೆ. ಹುಕ್ ಬೌಲಿನ ತಳಕ್ಕೆ ತಾಗದೆ, ಆದರೆ ತೀರಾ ಹತ್ತಿರ ಇರಬೇಕು. ಈ ಅಂತರವನ್ನು ಸ್ಕ್ರೂನಿಂದ ಹೊಂದಿಸುವ ಅನುಕೂಲ ಇದ್ದರೆ ಅದು ದೊಡ್ಡ ಗುಣ.

ಯಂತ್ರದ ಬಗೆಗಳು

ಅಂಗಡಿಯಲ್ಲಿ ಕಾಣುವ ಹೆಚ್ಚಿನವು ಪ್ಲಾನೆಟರಿ ಮಿಕ್ಸರ್‌ಗಳು. ಬೌಲ್ ನಿಂತಿರುತ್ತದೆ, ಹುಕ್ ತನ್ನ ಸುತ್ತ ತಿರುಗುತ್ತಾ ಬೌಲನ್ನೂ ಸುತ್ತುತ್ತದೆ. ಹೊಬಾರ್ಟ್ ಕಂಪನಿಯ ಹರ್ಬರ್ಟ್ ಜಾನ್‌ಸ್ಟನ್ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಶುರುಮಾಡಿದ ವಿಧಾನ ಇದು. 1950ರಲ್ಲಿ ಬಂದ ಕೆನ್‌ವುಡ್ ಶೆಫ್ ಕೂಡ ಇದೇ ಜಾತಿ. ಕೇಕು, ಕ್ರೀಮು, ಬ್ರೆಡ್ಡು ಎಲ್ಲಕ್ಕೂ ಒಂದೇ ಯಂತ್ರ ಬೇಕು ಅನ್ನುವವರಿಗೆ ಇದೇ ಸರಿ. ಇದರಲ್ಲೂ ತಲೆ (ಮೋಟಾರಿರುವ ಮೇಲ್ಭಾಗ) ಎತ್ತುವ ಮಾದರಿ, ಬೌಲ್ ಎತ್ತುವ ಮಾದರಿ ಅಂತ ಎರಡಿವೆ. ತಲೆ ಎತ್ತುವುದರಲ್ಲಿ ಹಿಟ್ಟು ಹಾಕುವುದು ತೆಗೆಯುವುದು ಸುಲಭ, ಆದರೆ ಗಟ್ಟಿ ಕಣಕ ಬಿದ್ದಾಗ ಕೀಲಿನ ಹತ್ತಿರ ತಲೆ ಕುಣಿಯುತ್ತದೆ. ಬ್ರೆಡ್ಡೇ ಮುಖ್ಯ ಅನ್ನುವವರು ಬೌಲ್ ಎತ್ತುವ ಮಾದರಿಯನ್ನೇ ನೋಡಲಿ.

ಸ್ಪೈರಲ್ ಮಿಕ್ಸರ್ ಬೇಕರಿಯವರ ಯಂತ್ರ, ಈಗ ಮನೆ ಅಳತೆಯಲ್ಲೂ ಸಿಗುತ್ತದೆ. ಇದರಲ್ಲಿ ಬೌಲೂ ತಿರುಗುತ್ತದೆ, ಸುರುಳಿಯೂ ತಿರುಗುತ್ತದೆ, ನಡುವೆ ನಿಂತ ಒಂದು ಕಂಬಿ ಕಣಕ ಮೇಲೆ ಹತ್ತದಂತೆ ತಡೆಯುತ್ತದೆ. ಕಣಕ ಕಡಿಮೆ ಬಿಸಿಯಾಗುತ್ತದೆ, ಗ್ಲುಟೆನ್ ಚೆನ್ನಾಗಿ ಕೂಡಿಕೊಳ್ಳುತ್ತದೆ. ನಾದುವುದರಲ್ಲಿ ಇದನ್ನು ಮೀರಿಸುವ ಯಂತ್ರ ಇನ್ನೊಂದಿಲ್ಲ. ಆದರೆ ಸಾಮಾನ್ಯವಾಗಿ ಇದು ನಾದುವುದೊಂದನ್ನೇ ಮಾಡುತ್ತದೆ, ಭಾರ ಜಾಸ್ತಿ, ಬೆಲೆಯೂ ಜಾಸ್ತಿ. ವಾರಕ್ಕೆ ಹಲವು ಕೆಜಿ ಹಿಟ್ಟು ಖರ್ಚು ಮಾಡುವವರು ಮಾತ್ರ ಯೋಚಿಸಲಿ.

ಮೂರನೆಯದು ಸ್ವೀಡನ್ನಿನ ಆಂಕರ್ಸ್ರಮ್. 1940ರಲ್ಲಿ ಎಲೆಕ್ಟ್ರೋಲಕ್ಸ್ ಅಸಿಸ್ಟೆಂಟ್ ಅನ್ನುವ ಹೆಸರಿನಲ್ಲಿ ಬಂದ ಯಂತ್ರದ ಇಂದಿನ ರೂಪ. ಮೋಟಾರು ಬೌಲಿನ ಕೆಳಗಿದೆ, ತಿರುಗುವುದು 7 ಲೀಟರಿನ ಬೌಲು, ಗೀರು ಬಿದ್ದ ಒಂದು ರೋಲರ್ ಕಣಕವನ್ನು ಗೋಡೆಗೆ ಒತ್ತಿ ನಾದುತ್ತದೆ. ಮೇಲೆ ತಲೆಯೇ ಇಲ್ಲದ್ದರಿಂದ ಹಿಟ್ಟು ಹಾಕುವುದು ಸಲೀಸು. ಕಲಿಯಲು ಸ್ವಲ್ಪ ದಿನ ಬೇಕು, ಯಾಕೆಂದರೆ ಇಲ್ಲಿ ನೀರು ಮೊದಲು, ಹಿಟ್ಟು ಆಮೇಲೆ ಸ್ವಲ್ಪ ಸ್ವಲ್ಪವೇ. ನೋಡಲು ಏನೂ ಆಗುತ್ತಿಲ್ಲ ಅನ್ನಿಸುತ್ತದೆ, ತಾಳ್ಮೆ ಇದ್ದರೆ ಕಣಕ ಚೆನ್ನಾಗಿ ಬರುತ್ತದೆ.

ಬಿಸಿಯ ಲೆಕ್ಕ

ಯಂತ್ರ ನಾದುವಾಗ ಉಜ್ಜಾಟದಿಂದ ಕಣಕ ಬಿಸಿಯಾಗುತ್ತದೆ. ನಾದಿ ಮುಗಿದಾಗ 24ರಿಂದ 26 ಡಿಗ್ರಿ ಸೆಲ್ಸಿಯಸ್ ಇದ್ದರೆ ಚೆಂದ. ಮೇಲೆ ಹೋದರೆ ಯೀಸ್ಟ್ ಆತುರಪಡುತ್ತದೆ, ರುಚಿ ಕೂಡುವ ಮುಂಚೆಯೇ ಕಣಕ ಉಬ್ಬಿ ಕೂತಿರುತ್ತದೆ. ಇದಕ್ಕೆ ಬೇಕರಿಯವರ ಒಂದು ಲೆಕ್ಕವಿದೆ. ಬೇಕಾದ ಡಿಗ್ರಿಯನ್ನು ಮೂರರಿಂದ ಗುಣಿಸಿ, ಅದರಿಂದ ಹಿಟ್ಟಿನ ಬಿಸಿ, ಕೋಣೆಯ ಬಿಸಿ, ಯಂತ್ರದ ಉಜ್ಜಾಟದ ಅಂಕಿ ಮೂರನ್ನೂ ಕಳೆಯಿರಿ. ಉಳಿದದ್ದು ನೀರಿನ ಡಿಗ್ರಿ. ಉದಾಹರಣೆಗೆ 25ರ ಮೂರು ಪಟ್ಟು 75. ಹಿಟ್ಟು 26, ಕೋಣೆ 26, ಉಜ್ಜಾಟ 12 ಅಂದರೆ ಒಟ್ಟು 64. ನೀರು 11 ಡಿಗ್ರಿ ಇರಬೇಕು, ಅಂದರೆ ಫ್ರಿಜ್ ನೀರು ಬೆರೆಸಲೇಬೇಕು. ಮನೆಯ ಪ್ಲಾನೆಟರಿ ಮಿಕ್ಸರ್‌ಗೆ 12ರ ಆಸುಪಾಸಿನಿಂದ ಶುರುಮಾಡಿ. ಮೊದಲ ಸಲ ನಾದಿದ ಮೇಲೆ ಥರ್ಮಾಮೀಟರ್ ಚುಚ್ಚಿ ನೋಡಿ, ಬಂದ ಡಿಗ್ರಿಯ ಮೂರು ಪಟ್ಟಿನಿಂದ ಹಿಟ್ಟು, ಕೋಣೆ, ನೀರು ಮೂರರ ಡಿಗ್ರಿಯನ್ನು ಕಳೆದರೆ ನಿಮ್ಮ ಯಂತ್ರದ್ದೇ ಅಂಕಿ ಸಿಗುತ್ತದೆ.

ಇನ್ನು ಉಳಿದವು ಚಿಕ್ಕ ಪುಟ್ಟವು. ಭಾರದ ಯಂತ್ರ ನಾದುವಾಗ ಕಟ್ಟೆಯ ಮೇಲೆ ನಡೆಯುವುದಿಲ್ಲ, ಹಗುರದ್ದು ಅಂಚಿನ ತನಕ ಹೋಗಿ ಬೀಳಬಹುದು. ತಲೆ ಎತ್ತಿದಾಗಿನ ಎತ್ತರ ಅಳೆದು, ಮೇಲಿನ ಕಪಾಟಿಗೆ ತಾಗುತ್ತದೆಯೇ ನೋಡಿ. ಬೇರೆ ದೇಶದಿಂದ ತರಿಸುವುದಾದರೆ ವೋಲ್ಟೇಜ್ ತಪ್ಪದೆ ನೋಡಿ, 110ರ ಯಂತ್ರವನ್ನು 230ರ ಪ್ಲಗ್ಗಿಗೆ ನೇರ ಹಾಕಿದರೆ ಅಲ್ಲಿಗೇ ಮುಗಿಯಿತು. ಬಣ್ಣ, ಉಚಿತ ಅಂತ ಕೊಡುವ ಹತ್ತಾರು ಬಿಡಿ ಸಾಮಾನು, ಇವುಗಳಿಗಾಗಿ ಜಾಸ್ತಿ ದುಡ್ಡು ಕೊಡಬೇಡಿ.

ಸೆಕೆಂಡ್ ಹ್ಯಾಂಡ್ ಕೂಡ ಒಳ್ಳೆಯ ದಾರಿ. ಹಳೆಯ ಗಟ್ಟಿ ಯಂತ್ರ ಹೊಸ ಅಗ್ಗದ ಯಂತ್ರಕ್ಕಿಂತ ಎಷ್ಟೋ ವಾಸಿ. ಹುಕ್ ಸಿಕ್ಕಿಸುವ ಕಡ್ಡಿಯ ಸುತ್ತ ಗ್ರೀಸ್ ಇಳಿದಿದೆಯೇ, ತಲೆ ಅಲುಗಾಡುತ್ತದೆಯೇ, ಎಲ್ಲ ವೇಗದಲ್ಲೂ ಸದ್ದು ಒಂದೇ ಹದದಲ್ಲಿದೆಯೇ ನೋಡಿ. ಗ್ರೀಸ್ ಇಳಿದಿದ್ದರೆ ಹೆದರಬೇಡಿ, ಹೊಸದಾಗಿ ತುಂಬಿಸಬಹುದು. ಟಕ್ ಟಕ್ ಅನ್ನುವ ಸದ್ದು ಬಂದರೆ ಗೇರಿನ ಹಲ್ಲು ಹೋಗಿದೆ ಅಂತ ತಿಳಿಯಿರಿ, ಅದಕ್ಕೆ ತಕ್ಕಂತೆ ಬೆಲೆ ಮಾತಾಡಿ.

ಹೊಸದನ್ನೇ ತಂದಿದ್ದರೆ, ವಾಪಸ್ ಮಾಡುವ ಅವಧಿ ಮುಗಿಯುವ ಮುಂಚೆ ನೀವು ಮಾಡುವ ಅತಿ ಗಟ್ಟಿ ಕಣಕವನ್ನು, ನೀವು ಮಾಡುವ ಅತಿ ದೊಡ್ಡ ಅಳತೆಯಲ್ಲಿ, ಕೈಪಿಡಿಯ ಮಿತಿಯೊಳಗೇ ನಾದಿಸಿ ನೋಡಿ. ಕೇಕಿನಿಂದ ಶುರುಮಾಡಬೇಡಿ. ಎಂಟು ನಿಮಿಷ ಆದ ಮೇಲೆ ಮೋಟಾರಿನ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ಪರವಾಗಿಲ್ಲ. ಕೈ ಇಡಲಾಗದಷ್ಟು ಸುಡುತ್ತಿದ್ದರೆ, ಸುಟ್ಟ ವಾಸನೆ ಬಂದರೆ, ಹುಕ್ ಆಗಾಗ ತಡವರಿಸಿದರೆ ಅವತ್ತೇ ಡಬ್ಬಕ್ಕೆ ತುಂಬಿ ವಾಪಸ್ ಕಳಿಸಿ. ಎಲ್ಲ ಸರಿ ಇದ್ದರೆ ಕಣಕದ ಒಂದು ಚೂರು ಕಿತ್ತು ಎರಡೂ ಕೈಯಲ್ಲಿ ಮೆಲ್ಲಗೆ ಎಳೆಯಿರಿ. ಹರಿಯದೆ, ಬೆಳಕು ಆಚೆ ಕಾಣುವಷ್ಟು ತೆಳ್ಳಗೆ ಹಿಗ್ಗಿದರೆ ಯಂತ್ರ ಇಟ್ಟುಕೊಳ್ಳಿ.