ತಡವರಿಸುವ ಬೈಕಿನ ಕಾರ್ಬುರೇಟರನ್ನು ಕಡೆಗೆ ಬಿಚ್ಚಿ

ಕೊಡಗಿನಲ್ಲಿ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಶೆಡ್ಡು ಸೇರಿದ ಹಳೆಯ ಬೈಕು ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ ಹೊರಬರುತ್ತದೆ. ಸ್ಟಾರ್ಟ್ ಏನೋ ಆಗುತ್ತದೆ, ಆದರೆ ಐಡ್ಲಿಂಗ್ ನಿಲ್ಲುವುದಿಲ್ಲ, ಏರು ಸಿಕ್ಕಿದರೆ ಮಿಸ್ಸಿಂಗ್ ಹೊಡೆಯುತ್ತದೆ. ಕೂಡಲೇ ಮನೆಯ ಹುಡುಗರು ಸ್ಕ್ರೂಡ್ರೈವರ್ ಹಿಡಿದು ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬುರೇಟರಿನಲ್ಲಿ ಕಂಡ ಸ್ಕ್ರೂಗಳನ್ನೆಲ್ಲ ತಿರುಗಿಸಲು ಕೂರುತ್ತಾರೆ. ಬೇಡ. ಜೂನ್ ತಿಂಗಳಲ್ಲಿ ಸರಿಯಾಗಿದ್ದ ಸ್ಕ್ರೂ ಶೆಡ್ಡಿನಲ್ಲಿ ನಿಂತಲ್ಲೇ ತಿರುಗಿರುವುದಿಲ್ಲ.

ನನ್ನ ಮೊದಲ ಅನುಮಾನ ಪೆಟ್ರೋಲಿನ ಮೇಲೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೂ ಎಥೆನಾಲ್ ಇರುತ್ತದೆ. ಅದು ಗಾಳಿಯ ತೇವವನ್ನು ಹೀರುತ್ತದೆ, ನಮ್ಮಲ್ಲಿ ಜುಲೈನಲ್ಲಿ ತೇವಕ್ಕೆ ಬರವಿಲ್ಲ. ನೀರು ಪೆಟ್ರೋಲಿಗಿಂತ ಭಾರವಾದ್ದರಿಂದ ಟ್ಯಾಂಕಿನ ತಳ ಸೇರಿ, ಅಲ್ಲಿಂದ ಕಾರ್ಬುರೇಟರಿನ ಬಟ್ಟಲಿಗೆ ಇಳಿಯುತ್ತದೆ. ಎಂಜಿನ್ ತಣ್ಣಗಿರುವಾಗ, ಒಲೆ, ಬೀಡಿಗಳಿಂದ ದೂರದಲ್ಲಿ ಪೆಟ್ರೋಲ್ ಕಾಕ್ ಮುಚ್ಚಿ, ಬಟ್ಟಲಿನ ತಳದ ಡ್ರೈನ್ ಸ್ಕ್ರೂ ಸಡಿಲಿಸಿ, ಬರುವುದನ್ನು ಗಾಜಿನ ಬಾಟಲಿಗೆ ಹಿಡಿಯಿರಿ. ಬೆಳಕಿಗೆ ಎತ್ತಿ ನೋಡಿ. ತಳದಲ್ಲಿ ಪಾದರಸದಂತೆ ಹೊರಳುವ ಹನಿಗಳೋ, ಬೇರೆಯದೇ ಪದರವೋ ಕಂಡರೆ ಕಳ್ಳ ಸಿಕ್ಕಿದ. ಟ್ಯಾಂಕನ್ನೂ ಪೂರ್ತಿ ಖಾಲಿ ಮಾಡಿ ಹೊಸ ಪೆಟ್ರೋಲ್ ಹಾಕಿ. ಹಳೆಯದನ್ನು ತೋಟದ ಕಳೆ ಕತ್ತರಿಸುವ ಯಂತ್ರಕ್ಕಾಗುತ್ತದೆ ಎಂದು ಎತ್ತಿಡಬೇಡಿ, ಅದಕ್ಕಿರುವುದೂ ಕಾರ್ಬುರೇಟರೇ.

ಸ್ವಲ್ಪ ದೂರ ಚೆನ್ನಾಗಿ ಓಡಿ ಆಮೇಲೆ ಉಸಿರುಗಟ್ಟಿದಂತೆ ನಿಂತರೆ ಟ್ಯಾಂಕಿನ ಮುಚ್ಚಳ ತೆರೆಯಿರಿ. ಉಸ್ ಎಂದು ಗಾಳಿ ಒಳಗೆ ಹೋಗಿ ಗಾಡಿ ಮತ್ತೆ ಓಡಿದರೆ ಮುಚ್ಚಳದ ಗಾಳಿತೂತು ಕಟ್ಟಿದೆ ಎಂದರ್ಥ. ಕಣಜದ ಹುಳ ಅಲ್ಲಿಯೂ ಮಣ್ಣು ಮೆತ್ತುತ್ತದೆ.

ಸ್ಪಾರ್ಕ್ ಪ್ಲಗ್ ಬಿಚ್ಚಿ ಅದರ ತುದಿಯ ಬಣ್ಣ ನೋಡಿ. ತಿಳಿ ಕಂದು ಇದ್ದರೆ ಒಳ್ಳೆಯದು. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚು ಅಥವಾ ಗಾಳಿ ಕಡಿಮೆ, ಹಾಗಾಗಿ ಏರ್ ಫಿಲ್ಟರ್ ತೆಗೆದು ನೋಡಿ. ಸುಣ್ಣದಂತೆ ಬಿಳಿಚಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ. ಹಳೆಯ ಪ್ಲಗ್ಗಿನ ಮೇಲೆ ಜಿಪುಣತನ ಮಾಡದೆ ಹೊಸದು ಹಾಕಿ ನೋಡುವುದೇ ವಾಸಿ.

ಇಷ್ಟಾದರೂ ಸರಿಹೋಗದಿದ್ದರೆ ಎಂಜಿನ್ ಬಿಸಿಯಾದ ಮೇಲೆ, ಪೆಟ್ರೋಲಿನ ಪಾಲು ಹೆಚ್ಚಿಸುವ ಚೋಕ್ ಅರ್ಧ ಎಳೆಯಿರಿ. ಚೋಕ್ ಎಳೆದಾಗ ಮಾತ್ರ ನೆಟ್ಟಗೆ ಓಡುತ್ತದೆ ಎಂದರೆ ಐಡ್ಲಿಂಗಿಗೆ ಪೆಟ್ರೋಲ್ ಬಿಡುವ ಸಣ್ಣ ತೂತಿನ ಪೈಲಟ್ ಜೆಟ್ ಕಟ್ಟಿದೆ, ಇಲ್ಲವೇ ಎಲ್ಲೋ ಗಾಳಿ ನುಸುಳುತ್ತಿದೆ. ಕಾರ್ಬುರೇಟರಿಗೂ ಎಂಜಿನ್ನಿಗೂ ನಡುವಿನ ರಬ್ಬರಿನ ಮೇಲೆ ಸ್ವಲ್ಪ ನೀರು ಚಿಮುಕಿಸಿ. ಎಂಜಿನ್ ಸದ್ದು ಬದಲಾದರೆ ರಬ್ಬರ್ ಬಿರಿದಿದೆ. ನೀರಿನ ಬದಲು ಪೆಟ್ರೋಲ್ ಚಿಮುಕಿಸುವ ಶೂರರೂ ಇದ್ದಾರೆ, ಅವರ ಪಕ್ಕ ನಿಲ್ಲಬೇಡಿ.

ರಬ್ಬರ್ ಬಿರಿದಿಲ್ಲದಿದ್ದರೆ ಈಗ ಕಾರ್ಬುರೇಟರ್ ಬಿಚ್ಚಿ. ಐಡ್ಲಿಂಗ್ ಮಾತ್ರ ಕೆಟ್ಟಿದ್ದರೆ ಪೈಲಟ್ ಜೆಟ್, ಪೂರ್ತಿ ಆಕ್ಸಿಲರೇಟರಿನಲ್ಲಿ ಮಾತ್ರ ಎಳೆಯದಿದ್ದರೆ ಮೇನ್ ಜೆಟ್ ನೋಡಬೇಕು. ಜೆಟ್ ತೂತಿಗೆ ಉಕ್ಕಿನ ತಂತಿ, ಪಿನ್ನು ತುರುಕಿದರೆ ತೂತು ದೊಡ್ಡದಾಗಿ ಶಾಶ್ವತವಾಗಿ ಕೆಡುತ್ತದೆ. ಕರೆಂಟಿನ ವೈರಿನಿಂದ ಎಳೆದ ತಾಮ್ರದ ಒಂದೇ ಎಳೆ ಸಾಕು. ಆಮೇಲೆ ಕ್ಲೀನರ್ ಸಿಂಪಡಿಸಿ, ಗಾಳಿ ಊದಿಸಿ.

ಮಂಗಳೂರಿನಲ್ಲಿ ಟ್ಯೂನ್ ಮಾಡಿಸಿದ ಗಾಡಿಯ ಕಥೆಯೇ ಬೇರೆ. ಸಂಪಾಜೆ ಘಾಟಿ ಹತ್ತಿ ಮಡಿಕೇರಿ ಸೇರುವಾಗ ಅದು ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಮೇಲೆ ಬಂದಿರುತ್ತದೆ. ಗಾಳಿ ತೆಳುವಾಯಿತು, ಜೆಟ್ ಅದೇ ಇದೆ, ಹಾಗಾಗಿ ಪೆಟ್ರೋಲ್ ಹೆಚ್ಚಾಗಿ ಪ್ಲಗ್ ಕಪ್ಪಾಗುತ್ತದೆ. ಗಾಳಿ-ಪೆಟ್ರೋಲ್ ಮಿಶ್ರಣ ಹೊಂದಿಸುವ ಸ್ಕ್ರೂ ಮುಟ್ಟಬೇಕಾದ್ದು ಇಲ್ಲಿ. ಮೊದಲು ಮೆತ್ತಗೆ ಕೊನೆಯವರೆಗೆ ಒಳಗೆ ತಿರುಗಿಸಿ, ಎಷ್ಟು ಸುತ್ತು ಹೋಯಿತೆಂದು ಬರೆದಿಟ್ಟು, ಅಷ್ಟೇ ಸುತ್ತು ಹೊರಗೆ ತನ್ನಿ. ಬಿಗಿದರೆ ಅದರ ಮೊನೆ ಹಾಳಾಗುತ್ತದೆ. ಬಳಿಕ ಬಿಸಿ ಎಂಜಿನ್ನಿನಲ್ಲಿ ಕಾಲು ಸುತ್ತಿನಂತೆ ಹೊಂದಿಸಿ. ಸ್ಕ್ರೂ ಏರ್ ಫಿಲ್ಟರಿನ ಕಡೆ ಇದ್ದರೆ ಹೊರಗೆ ತಿರುಗಿಸಿದಷ್ಟೂ ಗಾಳಿ ಹೆಚ್ಚುತ್ತದೆ. ಎಂಜಿನ್ನಿನ ಕಡೆ ಇದ್ದರೆ ಹೆಚ್ಚುವುದು ಪೆಟ್ರೋಲ್.